ಮಗ ಬಾರದ ಪಿಕ್ಚರ್

ನಮ್ಮ ಓಣಿಯ ಹೆಂಗಸರಿಗೆಲ್ಲ ಪಿಕ್ಚರ್ ತೋರಿಸಿದವಳು ಗೇಟಕ್ಕ. ತೋರಿಸಿದಳು ಎಂದರೆ ಬಾಯಲ್ಲಿ. ಅವಳ ಗಂಡ ಗೋಡೆಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದ. ಒಂದು ದಿನ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ. ಆಗ ಟಾಕೀಸಿನ ಯಜಮಾನರು ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸವನ್ನು ಇವಳಿಗೆ ಕೊಟ್ಟರು. ಅಲ್ಲಿಂದ ಮೂವತ್ತೊಂದು ವರ್ಷ ಅವಳು ಅದೇ ಬಾಗಿಲಲ್ಲಿದ್ದಳು. ಹೆತ್ತವರಿಟ್ಟ ಹೆಸರು ಅವಳಿಗೇ ಮರೆತುಹೋಗಿತ್ತೇನೋ, ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ನಮಗೆಲ್ಲ ಟಾಕೀಸು ಎರಡು ರಸ್ತೆ ಆಚೆಗಿದ್ದರೂ ದೂರದ ಮಾತು. ಒಬ್ಬಳಿಗೆ ಕೈಗೂಸು ಅಡ್ಡ, ಒಬ್ಬಳಿಗೆ ಅತ್ತೆ ಅಡ್ಡ, ನನಗೆ ಗಂಡ. "ಮನೇಲೇ ದಿನಾ ಆಟ ನಡೀತಿದೆಯಲ್ಲ, ಇನ್ನೊಂದು ಯಾಕೆ?" ಅನ್ನುತ್ತಿದ್ದರು. ಹಾಗಾಗಿ ಬೆಳಿಗ್ಗೆ ನಲ್ಲಿ ಕಟ್ಟೆಯ ಮೇಲೆ ಬಟ್ಟೆ ಹಿಂಡುತ್ತ ಗೇಟಕ್ಕ ಹೇಳಿದ್ದನ್ನು ಕೇಳುವುದೇ ನಮ್ಮ ಸಿನಿಮಾ. ಅವಳು ಹೇಳುವ ಚಂದವೇ ಬೇರೆ. ಕೆಮ್ಮು, ಕುದುರೆ, ಗಾಡಿ, ಮೆಟ್ಟಿಲ ಮೇಲೆ ಬರುವ ಹೆಜ್ಜೆ, ಎಲ್ಲ ಅವಳ ಗಂಟಲಿನಿಂದಲೇ ಹೊರಡುತ್ತಿದ್ದವು. ನಾಯಕಿ ಯಾವ ಬಣ್ಣದ್ದು ಉಟ್ಟಿದ್ದಳು ಎಂದು ಕೇಳಿದರೆ ಮಾತ್ರ ಗದರುತ್ತಿದ್ದಳು. "ಕಥೆ ಕೇಳ್ರೇ. ಬಟ್ಟೆ ಅಂಗಡಿಗೆ ಬಂದಿದ್ದೀರಾ?"

ನೂರಾರು ಹೇಳಿದಳು. ನಾವು ಮತ್ತೆ ಮತ್ತೆ ಹೇಳಿಸಿಕೊಂಡದ್ದು ಎರಡೇ. ಒಂದಕ್ಕೆ ನಮ್ಮಲ್ಲಿ ದೋಣಿ ಪಿಕ್ಚರ್ ಎಂದು ಹೆಸರು. ಅಣ್ಣತಮ್ಮಂದಿರ ಜಗಳ, ನಗಿಸುವ ಸೋದರಮಾವ, ಕೊನೆಗೆ ನಡುಹೊಳೆಯಲ್ಲಿ ಮಗುಚುವ ದೋಣಿ. ಇನ್ನೊಂದು ತಾಯಿ ಪಿಕ್ಚರ್. ಜಗಳವಾಡಿ ಮನೆ ಬಿಟ್ಟ ಮಗನಿಗಾಗಿ ತಾಯಿ ವರ್ಷಗಟ್ಟಲೆ ಬಾಗಿಲು ತೆರೆದಿಟ್ಟು ಕಾಯುತ್ತಾಳೆ. ಕಾದೂ ಕಾದೂ, ಕೊನೆಗೊಂದು ದಿನ ಚಿಲಕ ಹಾಕಿಕೊಳ್ಳುತ್ತಾಳೆ. ಗೇಟಕ್ಕ ಅಲ್ಲಿ ಸುಮ್ಮನಾಗಿ, ನಾಲಿಗೆಯಿಂದ ಟಕ್ ಎಂದು ಚಿಲಕದ ಸದ್ದು ಮಾಡಿ ಎದ್ದುಬಿಡುತ್ತಿದ್ದಳು. ನಮ್ಮ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯುತ್ತಿತ್ತು.

ಹೋದ ವರ್ಷ ಟಾಕೀಸು ಕೆಡವುವುದೆಂದಾಯಿತು. ಹಳೆಯ ಯಜಮಾನರು ತೀರಿಹೋಗಿದ್ದರು. ಮಗಳು ಒಳ್ಳೆಯವಳು. ಮುಚ್ಚುವ ಮೊದಲು ಒಂದು ಮಧ್ಯಾಹ್ನ ಸುತ್ತಲಿನ ಓಣಿಗಳವರಿಗೆಲ್ಲ ಬಿಟ್ಟಿಯಾಗಿ ಒಂದು ಆಟ ತೋರಿಸುತ್ತೇನೆ ಎಂದಳು. ಉಗ್ರಾಣದಲ್ಲಿ ರೀಲಿನ ಡಬ್ಬಿ ಉಳಿದಿದ್ದದ್ದು ಅದೇ ಎರಡರದ್ದು. ಮರುದಿನ ಬೆಳಿಗ್ಗೆಯೇ ಮಿಷನ್ನು ಬಿಚ್ಚುವವರು ಬರುವುದರಿಂದ ಎರಡನ್ನೂ ಹಾಕುವಂತಿರಲಿಲ್ಲ. ಯಾವುದು ಎಂದು ಜಗಳವೇ ಹತ್ತಿಕೊಂಡಿತು. ದರ್ಜಿಯ ಮನೆಯಲ್ಲಿ ಗಂಡ ದೋಣಿ, ಹೆಂಡತಿ ತಾಯಿ. ಎರಡು ದಿನ ಒಲೆ ಹತ್ತಲಿಲ್ಲ ಎಂದು ಸುದ್ದಿ.

ಯಜಮಾನರ ಮಗಳು ಗೇಟಕ್ಕನ ಮನೆಗೇ ಬಂದಳು. "ನಮ್ಮ ಟಾಕೀಸಲ್ಲಿ ನಿಮ್ಮಷ್ಟು ಪಿಕ್ಚರ್ ನೋಡಿದವರು ಯಾರಿದ್ದಾರೆ? ನೀವು ಹೇಳಿದ್ದೇ ಆಗಲಿ."

ಗೇಟಕ್ಕನ ಮುಖ ಅರಳಿದ್ದನ್ನು ನಾನು ನೋಡಿದೆ. ಯಜಮಾನರ ಮಗಳು ಹೋದ ಮೇಲೆ ನಾನು ಅವಳ ಕೈ ಹಿಡಿದುಕೊಂಡೆ. "ನೋಡು, ತಾಯೀದೇ ಹಾಕಿಸು. ಈಗ ನನ್ನನ್ನ ತಡೆಯೋರು ಯಾರೂ ಇಲ್ಲ. ಆ ಚಿಲಕ ಹಾಕೋವಾಗ ಅವಳ ಮುಖ ಹೇಗಿತ್ತು ಅಂತ ಒಂದ್ಸಲ ನೋಡಬೇಕು."

"ಆಯ್ತು ಬಿಡೇ, ನಿಂಗಿಂತ ಹೆಚ್ಚಾ," ಅಂದಳು.

ಮುಂದಿನದ್ದು ನಾನು ಕಂಡದ್ದಲ್ಲ, ಬಹಳ ದಿನಗಳ ಮೇಲೆ ಅವಳೇ ಹೇಳಿದ್ದು. ಅವಳು ಆಪರೇಟರನ ಕೋಣೆಗೆ ಹತ್ತಿದಳಂತೆ. ಅವನು ರೀಲು ಸುತ್ತುತ್ತಿದ್ದ.

"ತಾಯೀದು ಹಾಕೋ," ಅಂದಳು. "ಕಾದೂ ಕಾದೂ ಮಗ ಬರದೇ ಹೋಗ್ತಾನಲ್ಲ, ಆ ಸಂಕಟ ನೋಡ್ಲಿ ಇವರೂ."

"ಯಾವ ಮಗ ಬರಲ್ಲ?"

"ಅವಳ ಮಗ ಕಣೋ. ಕೊನೇಲಿ ಚಿಲಕ ಹಾಕ್ಕೋತಾಳಲ್ಲ."

ಅವನು ನಕ್ಕ. "ನಿಂಗೇನು ಅರಳು ಮರಳಾ ಗೇಟಕ್ಕ? ಮಗ ಬರ್ತಾನೆ. ಒಳಗೆ ಬಂದು ಅವನೇ ಚಿಲಕ ಹಾಕ್ತಾನೆ. ಒಂದು ಮಾತಿಲ್ಲ, ಮ್ಯೂಸಿಕ್ಕೂ ಇಲ್ಲ, ಬರೀ ಇಬ್ಬರ ಮುಖ. ಜನ ಅಳ್ತಿದ್ದದ್ದೇ ಅದಕ್ಕಲ್ವಾ?"

"ಹೂಂ, ಮರೆವು," ಎಂದು ಇವಳು ಇಳಿದು ಬಂದಳು.

ಮೂವತ್ತೊಂದು ವರ್ಷ ಅವಳು ಒಂದು ಪಿಕ್ಚರನ್ನೂ ನೋಡಿರಲಿಲ್ಲ. ದೀಪ ಆರಿದ ಮೇಲೆ ಬಾಗಿಲಿಗೆ ಇಳಿಬಿಟ್ಟ ಕಪ್ಪು ಪರದೆಯ ಹೊರಗೆ ಸ್ಟೂಲಿನ ಮೇಲೆ ಕೂತು ಕೇಳಿದ್ದಳು, ಅಷ್ಟೆ. "ನೀನು ಪಿಕ್ಚರ್ ನೋಡ್ತಾ ನಿಂತರೆ ಬಾಗಿಲು ಯಾರು ನೋಡ್ತಾರೆ?" ಎಂದು ಹಳೆಯ ಯಜಮಾನರು ಮೊದಲ ದಿನವೇ ಹೇಳಿದ್ದರು. ರಜೆಯ ದಿನ ಒಳಗೆ ಹೋಗಬಹುದಿತ್ತಲ್ಲ ಎಂದರೆ, ಅಷ್ಟರಲ್ಲಿ ನಮ್ಮೆದುರು ನೋಡಿದೆ ಎಂದು ಹೇಳಿಯಾಗಿತ್ತು. ನೋಡಿದೆ ಅಂದದ್ದನ್ನು ಯಾವ ಮುಖ ಹೊತ್ತು ಮತ್ತೆ ನೋಡಲು ಹೋಗುವುದು? ಸದ್ದಿಲ್ಲದೆ ಬಂದ ಮಗ ಅವಳ ಕಿವಿಗೆ ಬೀಳಲೇ ಇಲ್ಲ. ಜನ ಮೂಗು ಸೀಟುವುದು ಕೇಳಿತು, ಚಿಲಕ ಕೇಳಿತು. ಉಳಿದದ್ದನ್ನು ತಾನೇ ಕೂಡಿಸಿಕೊಂಡಳು.

ತಾಯಿ ಪಿಕ್ಚರ್ ಹಾಕಿದರೆ ಓಣಿಯ ಮುಂದೆ ಅವಳ ಮಾನ ಹೋಗುತ್ತಿತ್ತು. ಯಜಮಾನರ ಮಗಳಿಗೆ "ದೋಣೀದೇ ಹಾಕಿಸಮ್ಮ" ಎಂದಳು. ನಮಗೆ, "ತಾಯೀದರ ರೀಲು ಹಾಳಾಗಿದೆಯಂತೆ, ಆಪರೇಟರ್ ಹೇಳಿದ," ಎಂದಳು. ನಾನು ನಂಬಿದೆ.

ಆಟದ ದಿನ ಅವಳನ್ನು ಮೆತ್ತನೆಯ ಕುರ್ಚಿಯಲ್ಲಿ ನಡುವೆ ಕೂರಿಸಿದರು. ಆ ಕಡೆ ದರ್ಜಿಯ ಹೆಂಡತಿ, ಈ ಕಡೆ ನಾನು. ಸೋದರಮಾವ ಪರದೆಯ ಮೇಲೆ ಬಂದ. ಕಡ್ಡಿ ಪೈಲ್ವಾನ.

"ಏನೇ ಗೇಟಕ್ಕ, ಆನೆ ಥರ ಇದ್ದಾನೆ ಅಂದಿದ್ದೆ! ಇವನನ್ನ ಹಗ್ಗದ ಮೇಲೆ ಒಣಗ್ಹಾಕಬಹುದು!" ಅಂದಳು ದರ್ಜಿಯ ಹೆಂಡತಿ.

ಎಲ್ಲರೂ ನಕ್ಕರು, ಗೇಟಕ್ಕನೂ ನಕ್ಕಳು. ದೋಣಿ ಮಗುಚಿದಾಗ ಮಾತ್ರ ಅವಳು "ಅಯ್ಯೋ!" ಎಂದು ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ದೋಣಿಯನ್ನು ನಮ್ಮ ಮುಂದೆ ಐವತ್ತು ಸಲವಾದರೂ ಮಗುಚಿದವಳು ಅವಳು. ಮೊದಲ ಸಲ ಕಂಡವಳ ಹಾಗೆ ಬೆಚ್ಚಿದ್ದು ನೋಡಿ ನನಗೆ ಅನುಮಾನ ಬಂತು. ಅನುಮಾನದ ಹಿಂದೆಯೇ ಸಿಟ್ಟೂ ಬಂತು. ನನಗೆ ಬೇಕಿದ್ದ ಪಿಕ್ಚರ್ ತಪ್ಪಿತಲ್ಲ ಎಂದು.

ಆಟ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತಿದ್ದಾಗ ಆಪರೇಟರ್ ಕೈ ಒರೆಸಿಕೊಳ್ಳುತ್ತ ಇಳಿದು ಬಂದ. ಅವಳನ್ನು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಮನೆಗೆ ಹೋಗಿ ಕೇಳಬಹುದಿತ್ತು. ನಾನು ಎಲ್ಲರಿಗೂ ಕೇಳುವ ಹಾಗೆ ಅವನನ್ನೇ ಕೇಳಿದೆ.

"ಏನಪ್ಪಾ, ತಾಯೀದರ ರೀಲು ಪೂರ್ತಿ ಹಾಳಾಗಿತ್ತಾ?"

"ಯಾರು ಹೇಳಿದ್ದು? ನಿನ್ನೆ ತಂದ ಹಾಗಿದೆ."

ತಲೆಗಳೆಲ್ಲ ಗೇಟಕ್ಕನ ಕಡೆ ತಿರುಗಿದವು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನಾನೇ ಹೇಳಿದ್ದು. ಸುಳ್ಳು," ಅಂದಳು. "ನಾನು ಅದನ್ನ ನೋಡಿಲ್ಲ ಕಣ್ರೇ. ಯಾವುದನ್ನೂ ನೋಡಿಲ್ಲ. ಹೊರಗೆ ಕೂತು ಕೇಳಿದ್ದು. ಆ ಮಗ ಬರ್ತಾನಂತೆ."

"ಬರ್ತಾನಾ?" ದರ್ಜಿಯ ಹೆಂಡತಿ ಬಾಯಿಗೆ ಕೈ ಇಟ್ಟಳು. "ನಿನ್ನ ಮನೆ ಕಾಯ್ವೋಗ! ಇಷ್ಟು ವರ್ಷ ಸುಮ್ಮನೆ ಅತ್ತೆನಲ್ಲೇ ನಾನು!"

ಎಲ್ಲರೂ ಗೊಳ್ಳೆಂದು ನಕ್ಕರು. ಅದು ಕೆಟ್ಟ ನಗುವಲ್ಲ. ಆದರೂ ಗೇಟಕ್ಕ ನಗಲಿಲ್ಲ, ನನಗೂ ನಗು ಬರಲಿಲ್ಲ. ಮಾರ್ಕೆಟ್ಟಿಗೆ ಹೋಗುವಾಗ, ಬರುವಾಗ, ಪರದೆಯ ಹೊರಗೆ ಸ್ಟೂಲಿನ ಮೇಲೆ ಅವಳು ಕೂತಿದ್ದನ್ನು ನಾವೆಲ್ಲ ಕಂಡವರೇ. ಒಳಗೆ ಆಟ ನಡೆಯುತ್ತಿದ್ದದ್ದೂ ನಮ್ಮ ಕಿವಿಗೆ ಬೀಳುತ್ತಿತ್ತು. ನೀನು ಯಾವಾಗ ನೋಡುತ್ತೀ ಎಂದು ಒಬ್ಬಳೂ ಕೇಳಲಿಲ್ಲ. ನಮಗೆ ಕಥೆ ಸಿಗುತ್ತಿತ್ತು, ಸಾಕಿತ್ತು.

ಗುಂಪು ಓಣಿಯ ಕಡೆ ಹೊರಟಿತು. ಯಾವಾಗಲೂ ಎಲ್ಲರಿಗಿಂತ ಮುಂದೆ ಕೈ ಬೀಸಿಕೊಂಡು ಮಾತಾಡುತ್ತ ನಡೆಯುವವಳು ಅವತ್ತು ಹತ್ತು ಹೆಜ್ಜೆ ಹಿಂದೆ ಉಳಿದಳು. ತಿರುವಿನಲ್ಲಿ ನಾನು ನಿಂತೆ. ಅವಳು ಹತ್ತಿರ ಬಂದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ನೀನು ನಡಿ," ಅಂದಳು, ನೆಲ ನೋಡುತ್ತ. "ನಾನು ಹಿಂದಿನಿಂದ ಬರ್ತೀನಿ."

ನಾನು ನಡೆದೆ.