ದೊಡ್ಡ ಎಲೆಯ ಒಂದೆಲಗ

ಡೊಂಬಿವಲಿಯಲ್ಲಿರುವ ನನ್ನ ಅಕ್ಕ ಕಿಟಕಿಯ ಗ್ರಿಲ್ಲಿನಲ್ಲಿ ಒಂದು ಔಷಧಿ ಅಂಗಡಿಯನ್ನೇ ಬೆಳೆಸಿದ್ದಾಳೆ. ಕೆಮ್ಮಿಗೆ ದೊಡ್ಡಪತ್ರೆ, ಸುಟ್ಟ ಗಾಯಕ್ಕೆ ಲೋಳೆಸರ, ಜ್ವರಕ್ಕೆ ಅಮೃತಬಳ್ಳಿ. ಅಮೃತಬಳ್ಳಿ ಮೇಲಿನ ಮನೆಯವರು ಒಣಗಲು ಹಾಕಿದ ಬಟ್ಟೆಯವರೆಗೂ ಹಬ್ಬಿ, ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ಚರ್ಚೆಯಾಗಿತ್ತು. ಅವೆಲ್ಲ ಕೇಳಿ ಬಂದವರಿಗೆ. ಒಂದೆಲಗ ಮಾತ್ರ ಅವಳಿಗೆ.

ನಮ್ಮ ಅಮ್ಮ ಕೊನೆಗಾಲದಲ್ಲಿ ಅಕ್ಕನನ್ನು, "ನೀವು ಯಾರ ಮನೆಯವರು?" ಎಂದು ಕೇಳುತ್ತಿದ್ದರು. ಅಕ್ಕ ಹೆಸರು ಹೇಳಿದರೆ "ಒಳ್ಳೆ ಹೆಸರು" ಎನ್ನುತ್ತಿದ್ದರು. ತನಗೂ ಹಾಗೆಯೇ ಆದೀತೆಂದು ಅಕ್ಕನಿಗೆ ಹೆದರಿಕೆ. ನೆನಪಿಗೆ ಒಳ್ಳೆಯದೆಂದು ಉಡುಪಿಯ ಗದ್ದೆಬದಿಯಿಂದ ಸಣ್ಣ ಎಲೆಯ ಒಂದೆಲಗ ತಂದು ಪೇಂಟಿನ ಡಬ್ಬದಲ್ಲಿ ನೆಟ್ಟಳು. ದಿನಾ ಅದನ್ನು ತೆಂಗಿನಕಾಯಿಯೊಂದಿಗೆ ಅರೆದು, ಮಜ್ಜಿಗೆ ಬೆರೆಸಿ, ತಂಬುಳಿ ಮಾಡಿ ಉಣ್ಣುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅಕ್ಕ ಮಗಳೊಂದಿಗೆ ಊರಿಗೆ ಹೋಗುವಾಗ ಮನೆಯ ಕೀ ನನಗೆ ಕೊಟ್ಟಳು. "ಅಕ್ಕಿ ತೊಳೆದ ನೀರು ಹಾಕು. ಬೇರೆ ಎಂತದೂ ಬೇಡ."

ನಾನು ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಹೋಟೆಲಿನಲ್ಲಿ ಅಕ್ಕಿ ತೊಳೆಯುವುದು ನಾನು ಏಳುವ ಮೊದಲೇ. ನನಗೆ ಸಿಗುತ್ತಿದ್ದುದು ಮಧ್ಯಾಹ್ನ ಕೆಲಸದವರಿಗೆಂದು ಉಪ್ಪು ಹಾಕಿಟ್ಟ ಗಂಜಿ ತಿಳಿ. ಏಳನೆಯ ಕ್ಲಾಸಿನವರೆಗೆ ಓದಿದ ತಲೆಯಿಂದ ಯೋಚಿಸಿದೆ. ಅದೂ ಅಕ್ಕಿಯ ನೀರೇ, ತೊಳೆದದ್ದಕ್ಕಿಂತ ಬೇಯಿಸಿದ್ದರಲ್ಲಿ ಸತ್ವ ಹೆಚ್ಚು. ಬಾಟಲಿಗೆ ತುಂಬಿಸಿ ಲೋಕಲ್ ಟ್ರೈನಿನಲ್ಲಿ ಕೊಂಡೊಯ್ದೆ. ಉಳಿದ ಗಿಡಗಳು ಹೇಗೋ ತಡೆದುಕೊಂಡವು. ಒಂದೆಲಗ ಹಳದಿಯಾಯಿತು. ಹಸಿವಿರಬೇಕೆಂದು ಇನ್ನಷ್ಟು ಹಾಕಿದೆ. ಕಪ್ಪಾಯಿತು.

ವಾಶಿಯ ನರ್ಸರಿಯಿಂದ ಬೇರೆ ಒಂದೆಲಗ ತಂದು ಅದೇ ಡಬ್ಬದಲ್ಲಿ ನೆಟ್ಟೆ. ಅದರ ಎಲೆ ಪಾನಿಪುರಿಯಷ್ಟಿತ್ತು.

ಅಕ್ಕ ಊರಿನಿಂದ ಬಂದವಳು ಚೀಲ ಇಟ್ಟು ನೇರ ಕಿಟಕಿಗೆ ಹೋದಳು. "ಇದು ನಮ್ಮದಾ ಮಾರಾಯ? ನಮ್ಮದು ಸಣ್ಣ ಎಲೆಯದ್ದಲ್ವಾ?"

ಸತ್ತುಹೋಯಿತು ಎನ್ನಬಹುದಿತ್ತು. ಬೈದು, ಕಾಫಿ ಕೊಡುತ್ತಿದ್ದಳು. ನಾನು ಹೇಳಿದ್ದು ಬೇರೆ.

"ಮೊದಲಿಂದ್ಲೂ ಇಷ್ಟೇ ಇತ್ತಲ್ಲ ಅಕ್ಕ. ನಿನಗೆ ನೆನಪಿಲ್ವಾ?"

ಅಕ್ಕ ಎಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇರಬಹುದು," ಎಂದಳು.

ಕೆಲವು ದಿನಗಳ ಬಳಿಕ ಅಕ್ಕನ ಮಗಳು ಫೋನ್ ಮಾಡಿದಳು. ಇಲ್ಲೇ ಹುಟ್ಟಿದವಳು, ಕನ್ನಡ ತಿಳಿದರೂ ಉತ್ತರ ಹಿಂದಿಯಲ್ಲಿ. "ಮಾಮಾ, ಮಮ್ಮಿ ಆಜ್‌ಕಲ್ ಬಾರ್ ಬಾರ್ ಗ್ಯಾಸ್ ಚೆಕ್ ಕರ್ತೀ ಹೈ." ಬೀಗ ಹಾಕಿದ ಮೇಲೂ ಗ್ಯಾಸ್ ಬಂದ್ ಆಗಿದೆಯಾ ಎಂದು ನೋಡಲು ರಿಕ್ಷಾ ಸ್ಟ್ಯಾಂಡಿನಿಂದ ತಿರುಗಿ ಬರುತ್ತಾಳಂತೆ. ತಂಬುಳಿ ಈಗ ರಾತ್ರಿಯೂ ಬೇಕಂತೆ. ಡಾಕ್ಟರರ ಬಳಿ ಹೋಗೋಣ, ಅಮ್ಮನ ಮರೆವೇ ನನಗೂ ಶುರುವಾಗಿದೆ ಎಂದಳಂತೆ.

ಹೋಗಿ ಎಲ್ಲ ಹೇಳಿದೆ. ಅಕ್ಕ ಬೀನ್ಸಿನ ನಾರು ತೆಗೆಯುತ್ತಾ ಕೇಳಿದಳು.

"ನನ್ನ ಸಮಾಧಾನಕ್ಕೆ ಹೇಳ್ತಿದ್ದಿ."

"ಇಲ್ಲ ಅಕ್ಕ. ಗಂಜಿ ಹಾಕಿ ಕೊಂದದ್ದು ನಾನೇ."

"ಗಿಡಕ್ಕೆ ಯಾರಾದ್ರೂ ಗಂಜಿ ಹಾಕ್ತಾರಾ? ಸುಳ್ಳು ಹೇಳುದಾದ್ರೆ ನಂಬುವ ಹಾಗೆ ಹೇಳು."

"ತೋ ಪ್ರೂವ್ ಕರೋ ನಾ, ಮಾಮಾ," ಎಂದಳು ಮಗಳು ಮೊಬೈಲಿನಿಂದ ತಲೆಯೆತ್ತದೆ.

ಹಾಗೆ ರುಜುವಾತಿಗೆಂದು ದೊಡ್ಡ ಎಲೆಯ ಒಂದೆಲಗವನ್ನು ಎರಡು ಡಬ್ಬಗಳಿಗೆ ಹಂಚಿದೆವು. ಒಂದಕ್ಕೆ ಅಕ್ಕನ ಅಕ್ಕಿ ತೊಳೆದ ನೀರು, ಇನ್ನೊಂದಕ್ಕೆ ನನ್ನ ಗಂಜಿ. ದಿನವೂ ಬಾಟಲಿ ಹಿಡಿದು ಹೋದೆ. ನರ್ಸರಿಯ ಗಿಡ ಗಟ್ಟಿ, ಗಂಜಿ ಕುಡಿದು ಹೊಸ ಎಲೆಯನ್ನೇ ಬಿಟ್ಟಿತು. ಅಕ್ಕ ಹೋಗಿ ಇನ್ನೊಮ್ಮೆ ಗ್ಯಾಸ್ ನೋಡಿ ಬಂದಳು. ಒಂದು ಮಂಗಳವಾರ ಟಿಟ್ವಾಳಾದ ದೇವಸ್ಥಾನಕ್ಕೆ ಹೋಗಿ ಗಣಪತಿಗೆ ಗರಿಕೆ ಇಟ್ಟು, ಒಂದೆಲಗ ಬೇಗ ಸಾಯಲಿ ಎಂದು ಬೇಡಿಕೊಂಡೆ. ನನ್ನ ಹಿಂದೆ ನಿಂತವರು ಮಗಳ ಮದುವೆಗೆ ಬೇಡುತ್ತಿದ್ದರು.

ಕೊನೆಗೂ ಗಂಜಿ ಹಾಕಿದ್ದರ ಎಲೆಯ ಅಂಚು ಹಳದಿಯಾಯಿತು. ಅಕ್ಕನನ್ನು ಕೂಗಿದೆ. ಅವಳು ಕನ್ನಡಕ ಹಾಕಿಕೊಂಡು ಎರಡೂ ಡಬ್ಬಗಳನ್ನು ನೋಡಿದಳು.

"ಹೀಗೇ ಆಗಿತ್ತಾ?"

"ಹೀಗೇ."

"ಹಾಗಾದ್ರೆ ನಮ್ಮದು ಸಣ್ಣ ಎಲೆಯದ್ದೇ."

"ಸಣ್ಣದೇ ಅಕ್ಕ."

ಅಕ್ಕ ಸ್ಟೂಲಿನ ಮೇಲೆ ಕೂತಳು. ಬೈಗುಳಕ್ಕೆ ಕಾದೆ.

"ಗ್ಯಾಸ್ ಬಂದ್ ಆಗಿದೆಯಾ ನೋಡು," ಎಂದಳು. ನಾನು ಎದ್ದೆ. "ಬೇಡ, ಕೂತ್ಕೋ. ಬಂದ್ ಮಾಡಿದ್ದೇನೆ. ನನಗೆ ನೆನಪುಂಟು."

ಆಮೇಲೆ ಕೈ ಚಾಚಿದಳು. "ಕೀ ಕೊಡು."

ಬೇಸಿಗೆಯಿಂದ ನನ್ನಲ್ಲೇ ಇದ್ದ ಮನೆಯ ಕೀಯನ್ನು ಕಿಸೆಯಿಂದ ತೆಗೆದು ಕೊಟ್ಟೆ.