ಅತ್ತೆಯ ಹಸಿರು ಸೀರೆ

ಯಲ್ಲದಕೆರೆ ಹತ್ತಿರದ ಗೊಲ್ಲರಹಟ್ಟಿಯ ಕೆಂಚಕ್ಕ ಗಂಡ ಸತ್ತ ಮೇಲೆ ತವರಿಗೆ ಬಂದು, ತಮ್ಮ ಯತ್ತಪ್ಪನ ಮನೆಯಲ್ಲಿ ಕುರಿ ಕಾಯುತ್ತ ಉಳಿದವಳು. ಅವಳಿಗೆ ಮಕ್ಕಳಿರಲಿಲ್ಲ. ತಮ್ಮನ ಮಗಳು ತಿಪ್ಪಮ್ಮ, ಎಲ್ಲರ ಬಾಯಲ್ಲಿ ತಿಪ್ಪಿ, ಹೆತ್ತವ್ವನಿಗಿಂತ ಹೆಚ್ಚಾಗಿ ಈ ಅತ್ತೆಯ ಸೆರಗು ಹಿಡಿದೇ ಬೆಳೆದಳು.

ಎಪ್ಪತ್ತೈದರ ಬೇಸಿಗೆಯಲ್ಲಿ ಐದು ವರ್ಷದ ತಿಪ್ಪಿಗೆ ಜ್ವರ ಬಂತು, ಬಿಡಲಿಲ್ಲ. ಮುಖ ಬಿಳಿಚಿಕೊಂಡಿತು, ವಸಡಿನಲ್ಲಿ ರಕ್ತ ಜಿನುಗತೊಡಗಿತು. ದೇವರಿಗೆ ಹರಕೆ ಹೊತ್ತರು, ಹಿರಿಯೂರಿನಲ್ಲಿ ಸೂಜಿ ಹಾಕಿಸಿದರು. ಕೊನೆಗೆ ಚಿತ್ರದುರ್ಗದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, "ಇದು ರಕ್ತದ ಕ್ಯಾನ್ಸರ್. ತಡ ಮಾಡ್ಬೇಡ್ರಿ, ಬೆಂಗಳೂರಿಗೆ ಕರ್ಕಂಡು ಹೋಗ್ರಿ" ಅಂದರು. ತಾಯಿ ಪಾಲಮ್ಮ ಆಗ ಹಸಿ ಬಾಣಂತಿ. ಯತ್ತಪ್ಪ ಬೆಂಗಳೂರಿನ ಆಸ್ಪತ್ರೆಗೆ ಮಗಳನ್ನು ಸೇರಿಸಿ, ಕುರಿ ನೋಡುವವರಿಲ್ಲವೆಂದು ಹಿಂತಿರುಗಿದ. ಮಗುವಿನ ಜೊತೆ ಉಳಿದವಳು ಕೆಂಚಕ್ಕ.

ವಾರಕ್ಕೊಂದು ಸೂಜಿ ಕೈಯ ನರಕ್ಕೆ. ನಡುನಡುವೆ ಇನ್ನೊಂದು, ಬೆನ್ನಮೂಳೆಗೆ. ಬೆನ್ನಿಗೆ ಚುಚ್ಚುವಾಗ ಮಗು ಅಲ್ಲಾಡಬಾರದೆಂದು ನರ್ಸಮ್ಮ ಕೆಂಚಕ್ಕನಿಗೇ ಹಿಡಿದುಕೊಳ್ಳಲು ಹೇಳುತ್ತಿದ್ದಳು. ಕುರಿಮರಿಗಳಿಗೆ ಔಷಧಿ ಹೊಯ್ಯುವಾಗ ಅದುಮಿ ಹಿಡಿದು ರೂಢಿಯಾದ ಕೈ ಅದು. "ಬಿಡತ್ತೆ, ಬಿಡತ್ತೆ" ಎಂದು ಕಿರುಚಿದರೂ ಬಿಡಲಿಲ್ಲ.

ಕೂದಲು ಉದುರಿತು. ಮಾತ್ರೆಗಳಿಂದ ಮುಖ ಊದಿ ದುಂಡಗಾಯಿತು, ಹಸಿವೂ ಹೆಚ್ಚಿತು. ಊರಿಗೆ ಕರೆತಂದಾಗ ನೋಡಿದವರೆಲ್ಲ, "ಮಗು ಮೈಕೈ ತುಂಬ್ಕಂಡೈತೆ" ಅಂದರು. ಯತ್ತಪ್ಪನಿಗೂ ಹಾಗೇ ಕಂಡಿತು.

"ಹುಷಾರಾಗೈತಲ್ಲಕ್ಕ, ಇನ್ನೂ ಯಾಕೆ ಚುಚ್ಚಿಸಾದು? ಬಸ್ಸಿನಾಗೆ ವಾಂತಿ ಮಾಡ್ಕಂಡು ಸಾಯ್ತೈತೆ."

"ಡಾಕ್ಟ್ರು ಮೂರು ವರ್ಷ ಅಂದವ್ರೆ."

"ಮೂರು ವರ್ಷ! ಯಾವ ಕಾಯ್ಲೆಗೆ ಮೂರು ವರ್ಷ ಔಸ್ತಿ ಕೊಡ್ತಾರೆ?"

ಆಗ ಕೆಂಚಕ್ಕ ವಾರ್ಡಿನಲ್ಲಿ ಕಂಡಿದ್ದನ್ನು ಹೇಳಿದಳು. ಪಕ್ಕದ ಮಂಚದಲ್ಲಿ ತುಮಕೂರು ಕಡೆಯ ಒಂದು ಹುಡುಗಿಯಿತ್ತು. ಅದೂ ಹೀಗೇ ದುಂಡಗಾಗಿ ಮನೆಗೆ ಹೋಗಿತ್ತಂತೆ. ವಾಸಿಯಾಯಿತೆಂದು ಮನೆಯವರು ಔಷಧಿ ಬಿಟ್ಟರು. ಮತ್ತೆ ಕರೆತಂದಾಗ ಡಾಕ್ಟರ ಕೈಯಲ್ಲಿ ಏನೂ ಉಳಿದಿರಲಿಲ್ಲ.

"ಅದರಪ್ಪ ಹೊರಗೆ ಗೋಡೆಗೆ ತಲೆ ಚಚ್ಕಂತಿದ್ದ ಕಣೋ. ಕಣ್ಣಾರೆ ನೋಡಿ ಬಂದೀನಿ. ನೀ ಬರದಿದ್ರೆ ಬಿಡು, ನಾ ಹೋಗ್ತೀನಿ."

ಯತ್ತಪ್ಪ ಕಂಬಳಿ ಹೆಗಲಿಗೇರಿಸಿ ಎದ್ದು ಹೋದ. ಆದರೆ ಮುಂದಿನ ಸಲ ಮಗಳನ್ನು ರಸ್ತೆಯವರೆಗೆ ಹೊತ್ತು ತಂದು ಬಸ್ಸು ಹತ್ತಿಸಿದವನು ಅವನೇ.

ತಿಪ್ಪಿಗೆ ಮಾತ್ರ ಅತ್ತೆ ಬೇಡವಾದಳು. ಕೆಂಚಕ್ಕ ಹಸಿರು ಸೀರೆ ಉಟ್ಟಳೆಂದರೆ ಬೆಂಗಳೂರಿಗೇ ಎಂದು ಗೊತ್ತಾಗಿ, ರೊಪ್ಪದೊಳಗೆ ಕುರಿಗಳ ನಡುವೆ ಅಡಗುತ್ತಿದ್ದಳು. ಎಳೆದು ತಂದರೆ ಕಚ್ಚುತ್ತಿದ್ದಳು. ಒಮ್ಮೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಜನರೆದುರೇ, "ನೀನು ನಮ್ಮವ್ವ ಅಲ್ಲ, ಅದ್ಕೇ ಚುಚ್ಚಿಸ್ತೀಯ" ಅಂದಳು. ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಕೂಗಿದ ಮೇಲೇ ಕೆಂಚಕ್ಕ ಟಿಕೀಟಿಗೆ ಕೈ ಚಾಚಿದಳು.

ಈ ಮಾತು ಪಾಲಮ್ಮನ ಕಿವಿಗೆ ಬಿತ್ತು. "ಮುಂದಿನ್ಸರಿ ನಾ ಕರ್ಕಂಡು ಹೋಗ್ತೀನಕ್ಕ. ಕೂಸನ್ನ ಯಾರಾರ ನೋಡ್ಕಂತಾರೆ. ನಿನ್ ಮ್ಯಾಲಿನ ಸಿಟ್ಟಾದ್ರೂ ಇಳೀಲಿ."

"ಬ್ಯಾಡ. ನಿನ್ ಮ್ಯಾಲೂ ಸಿಟ್ಟಾದ್ರೆ ಅದು ಯಾರ ಪಕ್ಕದಾಗೆ ಮಲಗ್ಬೇಕು?" ಅಂದಳು ಕೆಂಚಕ್ಕ. ಕೊನೆಯವರೆಗೂ ಅವಳೇ ಓಡಾಡಿದಳು.

ಎಪ್ಪತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಔಷಧಿ ನಿಲ್ಲಿಸಿದರು. "ಮತ್ತೆ ಬರೋದೇ ಇಲ್ಲ ಅಂತ ಹೇಳೋಕಾಗಲ್ಲಮ್ಮ. ಇಲ್ಲಿವರೆಗೆ ಚೆನ್ನಾಗಿದೆ. ಆಗಾಗ ತಂದು ತೋರಿಸ್ತಿರಿ" ಅಂದರು. ಕೆಂಚಕ್ಕ ಕೈ ಮುಗಿದಳು.

ತಿಪ್ಪಿ ಶಾಲೆಗೆ ಸೇರಿದಳು, ತನಗಿಂತ ಚಿಕ್ಕ ಮಕ್ಕಳ ನಡುವೆ. ಕೂದಲು ಜಡೆ ಹೆಣೆಯುವಷ್ಟು ಬೆಳೆಯಿತು. ಅತ್ತೆಯ ಜೊತೆ ಮಾತು ಮಾತ್ರ ಬಹಳ ದಿನ ಅಷ್ಟಕ್ಕಷ್ಟೇ. ಕೆಂಚಕ್ಕ ಅದನ್ನು ಯಾರ ಮುಂದೆಯೂ ಆಡಲಿಲ್ಲ. ಬೆಳಗಾದರೆ ಬುತ್ತಿ ಕಟ್ಟಿಕೊಂಡು ಕುರಿಗಳ ಹಿಂದೆ ಹೊರಡುತ್ತಿದ್ದಳು.

ಒಂದು ಭಾನುವಾರ ತಿಪ್ಪಿ ತಾನಾಗಿಯೇ ಹಿಂದೆ ಬಂದಳು. ದಾರಿಯುದ್ದಕ್ಕೂ ದೂರದಲ್ಲೇ ನಡೆದಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹತ್ತಿರ ಬಂದು ಕೂತು, ರೊಟ್ಟಿ ಮುರಿದು ಚಟ್ನಿಗೆ ಅದ್ದಿಕೊಂಡಳು.

"ಖಾರ ಜಾಸ್ತಿ ಆಗೈತತ್ತೆ."

"ಮುಂದಿನ್ಸರಿ ಕಡಿಮೆ ಹಾಕ್ತೀನಿ ಬಿಡು" ಅಂದಳು ಕೆಂಚಕ್ಕ.