ಥಿಯೋಡೋರನ ಹೈಬ್ರಿಡ್ ಮೆಣಸು

ತೊಂಬತ್ತರ ಆಗಸ್ಟಿನಲ್ಲಿ ಕುವೈತಿಗೆ ಸೈನ್ಯ ನುಗ್ಗಿದ ಸುದ್ದಿ ಬಂದದ್ದೇ ತಡ, ದೋಹಾದಲ್ಲಿದ್ದ ನಮ್ಮವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸತೊಡಗಿದರು. ಅಲ್ಲಿನ ನಜ್ಮಾ ಬಡಾವಣೆಯಲ್ಲಿ ಸಂಸಾರ ಹೂಡಿದ್ದ ಶಿಪ್ಪಿಂಗ್ ಆಫೀಸಿನ ಗುಮಾಸ್ತ ಥಿಯೋಡೋರನೂ ಹೆಂಡತಿ ಜರ್ಟ್ರೂಡಳನ್ನೂ ಮಕ್ಕಳನ್ನೂ ಉಡುಪಿಗೆ ಹೊರಡಿಸಿದ. ಟ್ಯಾಕ್ಸಿ ಹತ್ತುವಾಗ ಅವಳು ಹೇಳಿದ್ದು ಒಂದೇ ಮಾತು: "ನನ್ನ ಮೆಣಸಿನ ಗಿಡ ಸಾಯಬಾರದು, ಗೊತ್ತಾಯ್ತಲ್ಲ?"

ಅದು ಅಂತಿಂಥ ಗಿಡವಲ್ಲ. ಮನೆತೋಟಕ್ಕೆಂದೇ ಮಾಡಿದ ಹೈಬ್ರಿಡ್ ತಳಿ. ತಾರಸಿಯ ಮೇಲೆ ಹಾಲಿನ ಪುಡಿಯ ಡಬ್ಬದಲ್ಲಿ ಬೆಳೆದು, ಅಚ್ಚು ಹೊಯ್ದಂತೆ ಒಂದೇ ಅಳತೆಯ ಕಾಯಿ ಬಿಟ್ಟಿತ್ತು. ಜರ್ಟ್ರೂಡ್ ಮೀನಿನ ಗಸಿಗೆ ಅದನ್ನು ಹುರಿದಳೆಂದರೆ ಕೆಳಗಿನ ಅಂಗಡಿಯ ದರ್ಜಿಗಳು ಹೊಲಿಗೆ ಯಂತ್ರ ನಿಲ್ಲಿಸಿ ಸೀನುತ್ತಿದ್ದರು. ಬೈಯುತ್ತಿದ್ದರು, ಆಮೇಲೆ ಒಂದು ಬಟ್ಟಲು ಗಸಿಯನ್ನೂ ಕೇಳಿ ಕಳಿಸುತ್ತಿದ್ದರು. ಅಂಥ ನಜ್ಮಾ ಅದು.

ಥಿಯೋಡೋರ್ ಗಿಡಕ್ಕೆ ನೀರು ಹಾಕಿದ. ಹಾಕದಿದ್ದರೆ ಬದುಕುತ್ತಿತ್ತೋ ಏನೋ! ಮಧ್ಯಾಹ್ನ ಊಟಕ್ಕೆ ಬಂದವನು ನಲ್ಲಿಯಿಂದ ನೇರ ಸುರಿದ. ದೋಹಾದ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕೈ ಸುಡುತ್ತದೆ. ಜರ್ಟ್ರೂಡ್ ಸಂಜೆಯೇ ಬಕೆಟ್ಟಿಗೆ ತುಂಬಿ ಆರಿಸಿಡುತ್ತಿದ್ದಳು. ಹಾಗೆ ಆರಿಸಿದ ನೀರಲ್ಲೇ ವರ್ಷಗಟ್ಟಲೆ ಮೈ ತೊಳೆದ ಮಹಾರಾಯನಿಗೆ, ಗಿಡದ ಬೇರೂ ಬೇಯುತ್ತದೆಂದು ಹೊಳೆಯಲಿಲ್ಲ. ವಾರದೊಳಗೆ ಗಿಡ ಖಲಾಸ್.

ಶುಕ್ರವಾರ ಫೋನಿನಲ್ಲಿ ಜರ್ಟ್ರೂಡ್ ಕೇಳಿದಳು, "ಗಿಡ ಹೇಗುಂಟು?"

"ಫಸ್ಟ್ ಕ್ಲಾಸ್."

"ಅಲ್ಲಿ ಗಲಾಟೆ ಎಂತ ಇಲ್ಲ ಅಲ್ಲ?"

"ಎಲ್ಲ ಫಸ್ಟ್ ಕ್ಲಾಸ್ ಮಾರಾಯ್ತಿ."

ಅವಳು ಬರುವಾಗ ಮನೆ ಬಿಟ್ಟುಹೋದ ಹಾಗೆಯೇ ಇರಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಒಣಗಿದ ಕಾಯಿಗಳ ಬೀಜ ಬಿಡಿಸಿದ. ಅಮ್ಮ ಸೌತೆಬೀಜಕ್ಕೆ ಮಾಡುತ್ತಿದ್ದಂತೆ ಹುಳ ಹಿಡಿಯದಿರಲೆಂದು ಬೂದಿ ಬೆರೆಸಿದ. ಬೂದಿ ಕಬಾಬಿನ ಅಂಗಡಿಯದ್ದು. ಅಕ್ಟೋಬರಿನಲ್ಲಿ ಬಿತ್ತಿದ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಂಬಿದ ಜನವಲ್ಲವೇ ನಾವು! ಜನವರಿಯಲ್ಲಿ ಯುದ್ಧ ಶುರುವಾಗಿ ಕಿಟಕಿ ಗಾಜಿಗೆಲ್ಲ ಟೇಪು ಅಂಟಿಸಿಕೊಂಡಾಗಲೂ, ಆರಿದ ನೀರು ಹಿಡಿದು ಬೆಳಗಾದರೆ ತಾರಸಿ ಹತ್ತುತ್ತಿದ್ದ.

ಯುದ್ಧ ಮುಗಿದು ಏಪ್ರಿಲಿನಲ್ಲಿ ಜರ್ಟ್ರೂಡ್ ಮಕ್ಕಳೊಂದಿಗೆ ಬಂದಳು. ಚೀಲ ಇಳಿಸಿ ಸೀದಾ ತಾರಸಿಗೆ ಹೋದಳು. ಒಂದು ಗಿಡದಲ್ಲಿ ಬೆರಳುದ್ದದ ಕಾಯಿ, ಇನ್ನೊಂದರಲ್ಲಿ ಗುಂಡಗೆ ಸುಂಡೆಕಾಯಿಯಂಥದು, ಮತ್ತೊಂದರದ್ದು ಆಕಾಶ ನೋಡುತ್ತಿತ್ತು. ಒಂದನ್ನು ಕಚ್ಚಿ ಉಗಿದಳು.

"ಸಪ್ಪೆ! ಇದು ನನ್ನ ಗಿಡ ಅಲ್ಲ."

ಥಿಯೋಡೋರ್ ಬಿಸಿನೀರಿನಿಂದ ಬೂದಿಯವರೆಗೆ ಎಲ್ಲ ಒಪ್ಪಿಕೊಂಡ.

"ಹೈಬ್ರಿಡ್ಡಿನ ಬೀಜ ಯಾರಾದ್ರೂ ಇಡ್ತಾರಾ? ಅದರ ಮರಿ ತಾಯಿಯ ಹಾಗೆ ಬರುದಿಲ್ಲ, ಪ್ರತಿ ಸಲ ಹೊಸ ಪ್ಯಾಕೆಟ್ ತರಬೇಕು," ಎನ್ನುತ್ತ ಅವಳು ಕೀಳಲು ಗಿಡದ ಬುಡಕ್ಕೆ ಕೈ ಹಾಕಿದಳು. ಹಾಕಿದವಳು ಹಾಗೇ ತಿರುಗಿ ನೋಡಿದಳು. "ಹಾಗಾದ್ರೆ ಫೋನಿನಲ್ಲಿ ಹೇಳಿದ ಉಳಿದ ಫಸ್ಟ್ ಕ್ಲಾಸ್?"

ಥಿಯೋಡೋರ್ ಗಿಡದ ಪಕ್ಕ ಕುಕ್ಕರಿಸಿ ಕೂತ.

"ಹೆದರಿಕೆ ಆಗಿತ್ತು, ಜರ್ಟ್ರೂಡ್. ನಿಮ್ಮನ್ನು ಇನ್ನು ನೋಡ್ಲಿಕ್ಕೆ ಸಿಗುದಿಲ್ಲ ಅಂತ ದಿನಾ ಅನಿಸ್ತಿತ್ತು. ಇದಕ್ಕೆ ನೀರು ಹಾಕುವಾಗ ಮಾತ್ರ ನೀನು ಬರ್ತಿ ಅಂತ ಧೈರ್ಯ."

ಜರ್ಟ್ರೂಡ್ ಗಿಡದಿಂದ ಕೈ ತೆಗೆದಳು.

"ಇನ್ನು ಯುದ್ಧ ಬರ್ಲಿ, ಪ್ರಳಯ ಬರ್ಲಿ, ನಾನು ನಿಮ್ಮನ್ನು ಬಿಟ್ಟು ಹೋಗುದಿಲ್ಲ," ಎಂದಳು. ಆಮೇಲೆ ರಾತ್ರಿಯ ಗಸಿಗೆಂದು ಆ ಸಪ್ಪೆ ಕಾಯಿಗಳನ್ನೇ ಸೆರಗಿಗೆ ಬಿಡಿಸಿಕೊಂಡಳು.